ಫೋಟೋದಲ್ಲಿರುವುದು ಯಾವ ಸ್ಪಿಟ್‌ಫೈರ್?

(ಬೆಂಗಳೂರಿನಲ್ಲಿ ನೀಡಿದ ಉಪನ್ಯಾಸದ ಪರಿಷ್ಕೃತ ಬರಹ ರೂಪ)

ಹಳೆಯ ಫೋಟೋ ಒಂದರಲ್ಲಿ ಎರಡನೇ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನ ಸ್ಪಿಟ್‌ಫೈರ್ ಕಂಡರೆ ಅದನ್ನು ಸ್ಪಿಟ್‌ಫೈರ್ ಎಂದು ಗುರುತಿಸುವುದು ಕಷ್ಟವಲ್ಲ. ತೆಳುವಾದ, ತುದಿಗೆ ಬಂದಂತೆ ಕಿರಿದಾಗುವ ದೀರ್ಘವೃತ್ತದ ರೆಕ್ಕೆ ಒಮ್ಮೆ ಕಣ್ಣಿನಲ್ಲಿ ಕೂತರೆ ಮತ್ತೆ ಮರೆಯುವುದಿಲ್ಲ. ಕಷ್ಟ ಇರುವುದು ಮುಂದಿನ ಪ್ರಶ್ನೆಯಲ್ಲಿ. ಅದು ಯಾವ ಸ್ಪಿಟ್‌ಫೈರ್? 1936ರ ಮಾರ್ಚ್‌ನಲ್ಲಿ ಮೊದಲ ಬಾರಿ ಹಾರಿದ ಈ ವಿಮಾನವನ್ನು 1948ರವರೆಗೂ ತಯಾರಿಸಿದರು. ಒಟ್ಟು ಇಪ್ಪತ್ತು ಸಾವಿರಕ್ಕೂ ಹೆಚ್ಚು. ಅದರ ಒಂದೊಂದು ಮಾದರಿಯನ್ನೂ ‘ಮಾರ್ಕ್’ ಎಂದು ಕರೆಯುತ್ತಿದ್ದರು. ಮಾರ್ಕ್ 1ರಿಂದ ಶುರುವಾದ ಸಂಖ್ಯೆ ಮಾರ್ಕ್ 24ರವರೆಗೆ ಹೋಯಿತು. ಮೊದಲನೆಯದಕ್ಕೂ ಕೊನೆಯದಕ್ಕೂ ಹೆಸರು ಒಂದೇ, ಒಳಗಿನ ಯಂತ್ರ ಬೇರೆಯೇ.

ಇದನ್ನು ತಿಳಿದು ಏನಾಗಬೇಕು ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಮಾರ್ಕ್ ಗೊತ್ತಾದರೆ ಫೋಟೋ ತೆಗೆದ ಕಾಲ ಗೊತ್ತಾಗುತ್ತದೆ. ಕಾಲದ ಜೊತೆಗೆ ಜಾಗದ ಸುಳಿವೂ ಸಿಗುತ್ತದೆ. ಎರಡೂ ಸಿಕ್ಕರೆ ವಿಮಾನದ ಪಕ್ಕದಲ್ಲಿ ನಿಂತಿರುವ ಮನುಷ್ಯ ಯಾವಾಗ, ಎಲ್ಲಿದ್ದರು ಎಂದು ಹೇಳಬಹುದು. ನಮ್ಮ ಊರಿನ ಎಷ್ಟೋ ಮನೆಗಳ ಆಲ್ಬಂಗಳಲ್ಲಿ ಇಂಥ ಮನುಷ್ಯರು ನಿಂತಿದ್ದಾರೆ. ಅವರ ಬಗ್ಗೆ ಮನೆಯವರಿಗೆ ಗೊತ್ತಿರುವುದು ಹೆಸರು ಮಾತ್ರ. ಈ ಕೆಲಸದಲ್ಲಿ ನನಗಿರುವ ಆಸಕ್ತಿಯ ಮೂಲ ಅದು.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ಹೊಸಬರು ಸಾಮಾನ್ಯವಾಗಿ ಕಣ್ಣಿಗೆ ಮೊದಲು ರಾಚುವುದರಿಂದ ಶುರು ಮಾಡುತ್ತಾರೆ. ರೆಕ್ಕೆಯ ತುದಿ ಚೂಪಾಗಿದೆಯೇ, ಕತ್ತರಿಸಿದಂತಿದೆಯೇ, ಬಣ್ಣ ಏನು, ಗಾಜಿನ ಮುಚ್ಚಳ ಹೇಗಿದೆ. ಇವೆಲ್ಲ ಬದಲಾಯಿಸಬಹುದಾದ ಭಾಗಗಳು. ಸ್ಪಿಟ್‌ಫೈರ್‌ನ ರೆಕ್ಕೆಯ ತುದಿಯನ್ನು ಬಿಚ್ಚಿ ತೆಗೆಯಬಹುದಿತ್ತು. ಕೆಳಮಟ್ಟದಲ್ಲಿ ಚುರುಕಾಗಿ ಹೊರಳಬೇಕಾದಾಗ ಅದನ್ನು ತೆಗೆದು ಮೊಂಡು ತುದಿ ಹಾಕುತ್ತಿದ್ದರು. ಮಾರ್ಕ್ 5, 9, 14 ಎಲ್ಲದರಲ್ಲೂ ಮೊಂಡು ರೆಕ್ಕೆಯವು ಇವೆ. ಬಣ್ಣವಂತೂ ಒಂದೇ ದಿನದಲ್ಲಿ ಬದಲಾಗುತ್ತದೆ. ಬೆನ್ನು ತಗ್ಗಿಸಿ ಗುಳ್ಳೆಯಾಕಾರದ ಗಾಜು ಕೂರಿಸಿದ ವಿಮಾನಗಳು ಮಾರ್ಕ್ 9ರ ಕೊನೆಯ ತಂಡದಲ್ಲೂ ಇವೆ, 14ರಲ್ಲೂ ಇವೆ, 16ರಲ್ಲೂ ಇವೆ.

ಆದ್ದರಿಂದ ನಾನು ಪಾಲಿಸುವ ಕ್ರಮ ತಿರುಗುಮುರುಗು. ಯಾವ ಭಾಗವನ್ನು ಬದಲಾಯಿಸುವುದು ಅತ್ಯಂತ ಕಷ್ಟವೋ ಅದನ್ನು ಮೊದಲು ನೋಡುತ್ತೇನೆ. ಯುದ್ಧವಿಮಾನದಲ್ಲಿ ಅಂಥದ್ದು ಎಂಜಿನ್. ಎಂಜಿನ್ ಕವಚದೊಳಗೆ ಅಡಗಿರುತ್ತದೆ, ನಿಜ. ಆದರೆ ಅದು ಬೇಡುವ ಗಾಳಿ, ತಂಪು, ಹೊಗೆಗೆ ದಾರಿ, ಶಕ್ತಿಯನ್ನು ಹೀರಿಕೊಳ್ಳುವ ಪ್ರೊಪೆಲರ್ ಇವನ್ನೆಲ್ಲ ಅಡಗಿಸಲು ಸಾಧ್ಯವಿಲ್ಲ.

ಮಾರ್ಕ್ 5 ಮತ್ತು ಮಾರ್ಕ್ 9ರ ಕಥೆಯನ್ನು ತೆಗೆದುಕೊಳ್ಳಿ. 1941ರಲ್ಲಿ ಬ್ರಿಟಿಷರ ಕೈಯಲ್ಲಿದ್ದ ಮುಖ್ಯ ಸ್ಪಿಟ್‌ಫೈರ್ ಮಾರ್ಕ್ 5. ಅದೇ ವರ್ಷ ಜರ್ಮನಿಯ ಫೋಕೆವುಲ್ಫ್ 190 ಫ್ರಾನ್ಸಿನ ಮೇಲೆ ಕಾಣಿಸಿಕೊಂಡಿತು. ಅದರ ಮುಂದೆ ಮಾರ್ಕ್ 5 ಸೋಲತೊಡಗಿತು. ರೋಲ್ಸ್ ರಾಯ್ಸ್ ಬಳಿ ಎರಡು ಹಂತದ ಸೂಪರ್‌ಚಾರ್ಜರ್ ಇರುವ ಹೊಸ ಮೆರ್ಲಿನ್ ಎಂಜಿನ್ ಸಿದ್ಧವಾಗಿತ್ತು. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ. ಈ ಸೂಪರ್‌ಚಾರ್ಜರ್ ಆ ತೆಳುಗಾಳಿಯನ್ನು ಎರಡು ಬಾರಿ ಒತ್ತಿ ಎಂಜಿನ್ನಿಗೆ ಕೊಡುತ್ತದೆ. ಅದಕ್ಕೆಂದೇ ಹೊಸದಾಗಿ ಸುಧಾರಿಸಿದ ವಿಮಾನದೇಹವೊಂದು ನಕ್ಷೆಯಲ್ಲಿತ್ತು, ಅದು ಮಾರ್ಕ್ 8. ಆದರೆ ಕಾಯುವಷ್ಟು ವ್ಯವಧಾನ ಇರಲಿಲ್ಲ. ಇದ್ದ ಮಾರ್ಕ್ 5ರ ದೇಹಕ್ಕೇ ಹೊಸ ಎಂಜಿನ್ ಕೂರಿಸಿ ಮಾರ್ಕ್ 9 ಎಂದು ಕರೆದರು. 1942ರ ಬೇಸಿಗೆಯಲ್ಲಿ ಅದು ಯುದ್ಧಕ್ಕೆ ಇಳಿಯಿತು. ಸಂಖ್ಯೆಯಲ್ಲಿ ಮುಂದಿನದು ಮೊದಲು ಬಂದು ಹಿಂದಿನದು ಆಮೇಲೆ ಬಂದದ್ದು ಹೀಗೆ. ತುರ್ತಿಗೆಂದು ಮಾಡಿದ ಈ ಏರ್ಪಾಡು ಯುದ್ಧ ಮುಗಿಯುವವರೆಗೂ ನಡೆಯಿತು.

ಈಗ ಫೋಟೋಗೆ ಬನ್ನಿ. ಹೊಸ ಎಂಜಿನ್ ಉದ್ದವಾಗಿದ್ದರಿಂದ ವಿಮಾನದ ಮೂಗು ಹೆಚ್ಚುಕಡಿಮೆ ಒಂದು ಗೇಣು ಮುಂದೆ ಬಂತು. ಶಕ್ತಿ ಹೆಚ್ಚಿದ್ದರಿಂದ ಮೂರು ಅಲಗಿನ ಪ್ರೊಪೆಲರ್ ಸಾಲದೆ ನಾಲ್ಕು ಅಲಗು ಬಂತು. ಹೊಗೆಯ ಕೊಳವೆಗಳು ಮಾರ್ಕ್ 5ರಲ್ಲಿ ಸಾಮಾನ್ಯವಾಗಿ ಪಕ್ಕಕ್ಕೆ ಮೂರು, ಮಾರ್ಕ್ 9ರಲ್ಲಿ ಆರು. ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ರೆಕ್ಕೆಯ ಕೆಳಗಿದೆ. ಮಾರ್ಕ್ 5ರ ಬಲರೆಕ್ಕೆಯ ಕೆಳಗೆ ಪೆಟ್ಟಿಗೆಯಂಥ ದೊಡ್ಡ ರೇಡಿಯೇಟರ್, ಎಡರೆಕ್ಕೆಯ ಕೆಳಗೆ ಎಣ್ಣೆ ತಂಪುಮಾಡುವ ಸಣ್ಣ ದುಂಡು ಕೊಳವೆ. ಎರಡು ಪಕ್ಕ ಬೇರೆ ಬೇರೆ. ಎರಡು ಬಾರಿ ಒತ್ತಿದ ಗಾಳಿ ಬಿಸಿಯಾಗುತ್ತದಲ್ಲ, ಅದನ್ನೂ ತಂಪು ಮಾಡಬೇಕು. ಹಾಗಾಗಿ ಮಾರ್ಕ್ 9ರಲ್ಲಿ ಎರಡೂ ರೆಕ್ಕೆಗಳ ಕೆಳಗೆ ಒಂದೇ ಗಾತ್ರದ ಪೆಟ್ಟಿಗೆಗಳು ಬಂದವು. ಕೆಳಗಿನಿಂದ ಅಥವಾ ಎದುರಿನಿಂದ ತೆಗೆದ ಫೋಟೋ ಸಿಕ್ಕರೆ ಈ ಒಂದು ಲಕ್ಷಣವೇ ಸಾಕು. ನಾನು ಎಡ, ಬಲ ಎನ್ನುವಾಗಲೆಲ್ಲ ಒಳಗೆ ಕೂತ ಪೈಲಟ್‌ನ ಎಡ, ಬಲ ಎಂದೇ ತಿಳಿಯಿರಿ. ಎದುರಿನಿಂದ ನೋಡುವ ನಮಗೆ ಅದು ಅದಲುಬದಲಾಗಿ ಕಾಣುತ್ತದೆ.

ಪಟ್ಟಿಯನ್ನು ಬಾಯಿಪಾಠ ಮಾಡುವುದರಿಂದ ಹೆಚ್ಚು ಉಪಯೋಗವಿಲ್ಲ ಎಂದು ನಾನು ಪದೇ ಪದೇ ಹೇಳುವುದು ಇದಕ್ಕೇ. ಕಾರಣ ಗೊತ್ತಿದ್ದರೆ ಲಕ್ಷಣ ತಾನಾಗಿ ನೆನಪಿರುತ್ತದೆ. ಅರ್ಧ ಫೋಟೋ ಹರಿದುಹೋಗಿದ್ದರೂ ಉಳಿದರ್ಧದಲ್ಲಿ ಏನಿರಬೇಕು ಎಂದು ಊಹಿಸಲು ಬರುತ್ತದೆ.

ಮುಂದಿನ ದೊಡ್ಡ ಬದಲಾವಣೆ ಗ್ರಿಫನ್ ಎಂಜಿನ್. ಮೆರ್ಲಿನ್‌ನ ಸಾಮರ್ಥ್ಯ 27 ಲೀಟರ್, ಗ್ರಿಫನ್‌ನದು ಸುಮಾರು 37 ಲೀಟರ್. ಅಷ್ಟು ದೊಡ್ಡದನ್ನು ಅದೇ ಸಣ್ಣ ಮೂಗಿನೊಳಗೆ ತುರುಕಿದಾಗ ಸಿಲಿಂಡರ್ ಸಾಲುಗಳ ಮೇಲೆ ಕವಚ ಎರಡು ಕಡೆ ಉಬ್ಬಿತು. ಮಾರ್ಕ್ 14ರ ಮೂಗಿನ ಮೇಲಿನ ಆ ಎರಡು ಉದ್ದನೆಯ ಉಬ್ಬುಗಳನ್ನು ನೋಡಿ. ಜೊತೆಗೆ ಐದು ಅಲಗಿನ ಪ್ರೊಪೆಲರ್. ಅಲಗು ಎಣಿಸುವಾಗ ಒಂದು ಉಪಾಯವಿದೆ. ಫೋಟೋದಲ್ಲಿ ಎಲ್ಲ ಅಲಗುಗಳೂ ಕಾಣದೇ ಇರಬಹುದು, ಒಂದನ್ನು ಯಾರದೋ ಹೆಗಲು ಮರೆಮಾಡಿರಬಹುದು. ಆಗ ಅಕ್ಕಪಕ್ಕದ ಎರಡು ಅಲಗುಗಳ ನಡುವಿನ ಕೋನ ನೋಡಿ. ಮೂರಾದರೆ 120 ಡಿಗ್ರಿ, ನಾಲ್ಕಾದರೆ 90, ಐದಾದರೆ 72. ಓರೆಯಿಂದ ತೆಗೆದ ಚಿತ್ರದಲ್ಲಿ ಕೋನ ಕುಗ್ಗಿ ಕಾಣುತ್ತದೆ. ಪ್ರೊಪೆಲರ್ ಮುಂದಿನ ದುಂಡು ಶಂಕು ಎಷ್ಟು ಅಂಡಾಕಾರವಾಗಿ ಕಾಣುತ್ತಿದೆ ಎಂದು ನೋಡಿ ಆ ಕುಗ್ಗನ್ನು ಸರಿಪಡಿಸಿಕೊಳ್ಳಬೇಕು.

ಗ್ರಿಫನ್‌ಗೆ ಇನ್ನೊಂದು ವಿಶೇಷವಿದೆ, ನನಗೆ ಅತ್ಯಂತ ಪ್ರಿಯವಾದದ್ದು. ಅದು ಮೆರ್ಲಿನ್‌ಗೆ ವಿರುದ್ಧ ದಿಕ್ಕಿನಲ್ಲಿ ತಿರುಗುತ್ತದೆ. ಪೈಲಟ್ ಕೂತಲ್ಲಿಂದ ನೋಡಿದರೆ ಮೆರ್ಲಿನ್‌ನ ಪ್ರೊಪೆಲರ್ ಗಡಿಯಾರದ ಮುಳ್ಳಿನಂತೆ ಬಲಕ್ಕೆ ತಿರುಗುತ್ತಿತ್ತು, ಗ್ರಿಫನ್‌ನದು ಎಡಕ್ಕೆ. ಮೆರ್ಲಿನ್‌ಗೆ ಒಗ್ಗಿದ ಪೈಲಟ್‌ಗಳು ಗ್ರಿಫನ್ ವಿಮಾನವನ್ನು ರನ್‌ವೇಯಲ್ಲಿ ಓಡಿಸುವಾಗ ಅದು ಅಭ್ಯಾಸಕ್ಕೆ ವಿರುದ್ಧವಾಗಿ ಬಲಕ್ಕೆ ಎಳೆಯುತ್ತಿತ್ತು. ನಿಂತ ಪ್ರೊಪೆಲರ್‌ನ ಫೋಟೋದಲ್ಲೂ ಈ ದಿಕ್ಕು ಸಿಗುತ್ತದೆ. ಎದುರಿನಿಂದ ತೆಗೆದ ಚಿತ್ರದಲ್ಲಿ ನೇರವಾಗಿ ಮೇಲೆ ನಿಂತ ಅಲಗನ್ನು ನೋಡಿ. ಅಲಗು ಸ್ವಲ್ಪ ತಿರುಚಿಕೊಂಡಿರುತ್ತದೆ, ಅದರ ಒಂದು ಅಂಚು ನಮ್ಮ ಕಡೆಗೆ ಚಾಚಿರುತ್ತದೆ. ನಮ್ಮ ಎಡಗೈ ಕಡೆಯ ಅಂಚು ಮುಂದಿದ್ದರೆ ಮೆರ್ಲಿನ್. ಬಲಗೈ ಕಡೆಯ ಅಂಚು ಮುಂದಿದ್ದರೆ ಗ್ರಿಫನ್.

ಇಲ್ಲಿ ಒಂದು ಅಪಾಯವಿದೆ. ನೆಗೆಟಿವ್ ಅನ್ನು ತಿರುವಿಹಾಕಿ ಮುದ್ರಿಸಿದ ಫೋಟೋಗಳು ಬೇಕಾದಷ್ಟಿವೆ. ಅಕ್ಷರಗಳು ಕಾಣುತ್ತಿದ್ದರೆ ಕೂಡಲೇ ತಿಳಿಯುತ್ತದೆ. ಕಾಣದಿದ್ದಾಗ ಮೆರ್ಲಿನ್ ಗ್ರಿಫನ್ ಆಗಿಬಿಡುತ್ತದೆ. ಅದಕ್ಕೆ ಪರೀಕ್ಷೆ ಇದೆ. ಸ್ಪಿಟ್‌ಫೈರ್‌ನಲ್ಲಿ ಪೈಲಟ್ ಹತ್ತುವ ಪುಟ್ಟ ಬಾಗಿಲು ಎಡಪಕ್ಕದಲ್ಲಿ ಮಾತ್ರ ಇದೆ. ವೇಗ ಅಳೆಯಲು ಗಾಳಿ ಹಿಡಿಯುವ ಸಣ್ಣ ಕೊಕ್ಕೆಯಂಥ ನಳಿಕೆಯೂ ಎಡರೆಕ್ಕೆಯ ಕೆಳಗಿದೆ. ಇವು ಬಲಗಡೆ ಕಂಡರೆ ಫೋಟೋವನ್ನು ತಿರುವಿ, ಮೊದಲಿನಿಂದ ಶುರು ಮಾಡಿ.

ಎಂಜಿನ್‌ನಿಂದ ಶುರು ಮಾಡಬೇಕು ಎಂಬ ಮಾತು ಸ್ಪಿಟ್‌ಫೈರ್‌ಗೆ ಸೀಮಿತವಲ್ಲ. ನಮ್ಮ ಊರಿನದೇ ಉದಾಹರಣೆ ಇರುವಾಗ ಅದನ್ನು ಹೇಳದೆ ಹೇಗೆ ಮುಂದೆ ಹೋಗಲಿ? 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ನೆರವಿನಿಂದ ಇಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಶುರು ಮಾಡಿದರು. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಮರುವರ್ಷವೇ ಹಾರ್ಲೋ ಎಂಬ ತರಬೇತಿ ವಿಮಾನ ಅಲ್ಲಿಂದ ಹಾರಿತು. 1942ರಲ್ಲಿ ಕರ್ಟಿಸ್ ಹಾಕ್ ಎಂಬ ಯುದ್ಧವಿಮಾನ ಹಾರಿತು. ಯುದ್ಧಕಾಲದ ಫೈಟರ್ ಒಂದನ್ನು ಜೋಡಿಸಿ ಹಾರಿಸಿದ ಊರು ನಮ್ಮದು. ಇದು ಬೆಂಗಳೂರಿನ ಶಾಲಾಮಕ್ಕಳಿಗೆ ಗೊತ್ತಿರಬೇಕಾದ ಸಂಗತಿ ಎಂದು ನಾನು ಮನಸಾರೆ ನಂಬುತ್ತೇನೆ. 1943ರಿಂದ ಅದೇ ಕಾರ್ಖಾನೆ ಅಮೆರಿಕನ್ನರ ವಿಮಾನಗಳನ್ನು ದುರಸ್ತಿ ಮಾಡುವ ದೊಡ್ಡ ಕೇಂದ್ರವಾಯಿತು. ಬೆಂಗಳೂರಿನ ಯುದ್ಧಕಾಲದ ಫೋಟೋಗಳಲ್ಲಿ ಅಮೆರಿಕದ ನಕ್ಷತ್ರ ಅಷ್ಟೊಂದು ಕಾಣುವುದಕ್ಕೆ ಕಾರಣ ಅದು.

ಆ ಹಾಕ್ ವಿಮಾನದಲ್ಲಿ ಎರಡು ಕುಲಗಳಿವೆ. ಒಂದಕ್ಕೆ ಪ್ರಾಟ್ ಅಂಡ್ ವಿಟ್ನಿಯ ಟ್ವಿನ್ ವಾಸ್ಪ್ ಎಂಜಿನ್, ಎರಡು ಸಾಲುಗಳಲ್ಲಿ ಹದಿನಾಲ್ಕು ಸಿಲಿಂಡರ್. ಇನ್ನೊಂದಕ್ಕೆ ರೈಟ್ ಸೈಕ್ಲೋನ್, ಒಂದೇ ಸಾಲಿನಲ್ಲಿ ಒಂಬತ್ತು ದೊಡ್ಡ ಸಿಲಿಂಡರ್. ಎರಡು ಸಾಲಿನದಕ್ಕೆ ಮೂಗಿನ ಕವಚ ಕಿರಿದಾಗಿ ಉದ್ದವಾಗಿರುತ್ತದೆ. ಒಂದು ಸಾಲಿನದಕ್ಕೆ ಗಿಡ್ಡವಾಗಿ ದಪ್ಪವಾಗಿರುತ್ತದೆ. ಬಣ್ಣ, ಲಾಂಛನ ಏನೂ ಬೇಡ, ಮೂಗಿನ ದಪ್ಪ ನೋಡಿದರೆ ಸಾಕು. ಬ್ರಿಟಿಷರು ಮೊಹಾಕ್ ಎಂದು ಕರೆದು ಬರ್ಮಾ ಗಡಿಯಲ್ಲಿ 1944ರ ಆರಂಭದವರೆಗೂ ಬಳಸಿದ್ದು ಸೈಕ್ಲೋನ್ ಕುಲದ ವಿಮಾನಗಳನ್ನು. ಬೆಂಗಳೂರಿನ ಹಾಕ್‌ಗಳೂ ಅದೇ ಕುಲದವು.

ಸರಿ, ಸ್ಪಿಟ್‌ಫೈರ್‌ಗೆ ಮರಳೋಣ. ಈಗ ಪರದೆಯ ಮೇಲಿರುವುದು ಹಲಸೂರಿನ ಒಂದು ಮನೆಯ ಆಲ್ಬಂನದು, ಮನೆಯವರ ಒಪ್ಪಿಗೆ ಪಡೆದು ತೋರಿಸುತ್ತಿದ್ದೇನೆ. ಅಂಗೈಯಗಲದ ಫೋಟೋ. ಮೂವರು ಯುವಕರು ಎಡರೆಕ್ಕೆಯ ಮುಂದೆ ನಿಂತಿದ್ದಾರೆ. ನಡುವಿನವರು ತೋಪಿನ ನಳಿಗೆಯ ಮೇಲೆ ಕೈಯಿಟ್ಟಿದ್ದಾರೆ. ಹಿಂಬದಿಯಲ್ಲಿ ಪೆನ್ಸಿಲ್‌ನಲ್ಲಿ ‘ಸ್ಪಿಟ್‌ಫೈರ್, 1943’ ಎಂದು ಇಂಗ್ಲಿಷ್‌ನಲ್ಲಿ ಬರೆದಿದೆ. ವಿಮಾನದ ಸಂಖ್ಯೆ ಚಿತ್ರದಲ್ಲಿ ಕಾಣುವುದಿಲ್ಲ.

ಒಂದೊಂದಾಗಿ ನೋಡೋಣ. ಅಲಗುಗಳಲ್ಲಿ ಎರಡು ಪೂರ್ತಿ ಕಾಣುತ್ತವೆ, ನಡುವೆ ನೆಟ್ಟಗೆ 90 ಡಿಗ್ರಿ. ಅಂದರೆ ನಾಲ್ಕು ಅಲಗು. ಮೇಲಿನ ಅಲಗಿನ ತಿರುಚು ಮೆರ್ಲಿನ್‌ನದು, ಬಾಗಿಲು ಎಡಕ್ಕಿದೆ, ಆದ್ದರಿಂದ ಚಿತ್ರ ತಿರುವುಮುರುವಾಗಿಲ್ಲ. ನಡುವಿನವರ ಮೊಣಕಾಲಿನ ಪಕ್ಕ, ಎಡರೆಕ್ಕೆಯ ಕೆಳಗೆ, ನೆರಳಿನಲ್ಲಿ ಚೌಕ ಪೆಟ್ಟಿಗೆಯ ಅಂಚು ಕಾಣುತ್ತಿದೆ. ಮಾರ್ಕ್ 5 ಆಗಿದ್ದರೆ ಅಲ್ಲಿ ದುಂಡು ಕೊಳವೆ ಇರಬೇಕಿತ್ತು. ಇಷ್ಟರಿಂದ ಎರಡು ಹಂತದ ಮೆರ್ಲಿನ್ ಖಚಿತ. ತೋಪು ಇರುವುದರಿಂದ ನಿರಾಯುಧವಾದ ಫೋಟೋ ವಿಚಕ್ಷಣೆಯ ಮಾರ್ಕ್ 11 ಅಲ್ಲ. ಉಳಿದದ್ದು ಮುಖ್ಯವಾಗಿ 8 ಅಥವಾ 9.

ಈ ಎರಡನ್ನು ಬೇರ್ಪಡಿಸುವುದು ಬಾಲದ ಚಕ್ರ. ಮಾರ್ಕ್ 8ರ ಬಾಲದ ಚಕ್ರ ಹಾರುವಾಗ ಒಳಗೆ ಮಡಚಿಕೊಳ್ಳುತ್ತದೆ, 9ರದು ಹೊರಗೇ ನೇತಾಡುತ್ತದೆ. ಆಕಾಶದಲ್ಲಿ ತೆಗೆದ ಫೋಟೋ ಆದರೆ ಪ್ರಶ್ನೆಯೇ ಇಲ್ಲ. ನೆಲದ ಮೇಲೆ ನಿಂತಾಗ ಎರಡರ ಚಕ್ರವೂ ಕೆಳಗಿರುತ್ತದೆ. ಆಗ ಚಕ್ರವನ್ನಲ್ಲ, ಚಕ್ರದ ಅಕ್ಕಪಕ್ಕ ನೇತಾಡುವ ಎರಡು ಪುಟ್ಟ ಬಾಗಿಲುಗಳನ್ನು ಹುಡುಕಬೇಕು. ನಾನು ಈ ಫೋಟೋವನ್ನು ದೊಡ್ಡದು ಮಾಡಿ ಬಲತುದಿಯ ಮೂಲೆಯನ್ನು ತೋರಿಸುತ್ತೇನೆ. ಮೂರನೆಯವರ ಭುಜದಾಚೆ, ದೂರದಲ್ಲಿ, ಚಕ್ರದ ಪಕ್ಕದಲ್ಲಿ ತೆಳು ಗೆರೆಯಂತೆ ಒಂದು ಬಾಗಿಲು. ಮಾರ್ಕ್ 8. ಮೂಗಿನ ಕೆಳಗೆ ಮುಂದಕ್ಕೆ ಚಾಚಿರುವ ಉದ್ದನೆಯ ಗಾಳಿದ್ವಾರವೂ ಇದಕ್ಕೆ ಹೊಂದುತ್ತದೆ. ಧೂಳು ತಡೆಯುವ ಜರಡಿ ಮಾರ್ಕ್ 8ರಲ್ಲಿ ಕಾರ್ಖಾನೆಯಿಂದಲೇ ಬರುತ್ತಿತ್ತು. ಬಾಲದ ಚುಕ್ಕಾಣಿಯ ಚೂಪು ತುದಿಯನ್ನು ಮಾತ್ರ ನಾನು ಸಾಕ್ಷಿಯಾಗಿ ಎಣಿಸುವುದಿಲ್ಲ, ಏಕೆಂದರೆ ಆಮೇಲಿನ ಮಾರ್ಕ್ 9ಗಳಿಗೂ ಅದು ಬಂತು.

ಈಗ ಇಸವಿ. 1943ರ ಕೊನೆಯಲ್ಲಿ ಭಾರತದ ಕಡೆಗೆ ಬಂದ ಮೊದಲ ಫೈಟರ್ ಸ್ಪಿಟ್‌ಫೈರ್‌ಗಳಲ್ಲಿ ಹೆಚ್ಚಿನವು ಮಾರ್ಕ್ 5, ಮೂರು ಅಲಗಿನವು, ಗಲ್ಲದ ಕೆಳಗೆ ದೊಡ್ಡ ಜರಡಿ ಉಬ್ಬಿರುವಂಥವು. ಭಾರತೀಯ ವಾಯುಪಡೆಯ ದಳಗಳಿಗೆ ಸ್ಪಿಟ್‌ಫೈರ್ ಸಿಕ್ಕಿದ್ದು 1944ರಲ್ಲಿ, ಮೊದಲು 8ನೇ ಸ್ಕ್ವಾಡ್ರನ್‌ಗೆ, ಅದೂ ಮಾರ್ಕ್ 8. ಅಲ್ಲಿಯವರೆಗೆ ನಮ್ಮವರು ಬರ್ಮಾ ಗಡಿಯಲ್ಲಿ ಹಾರಿಸಿದ್ದು ಮುಖ್ಯವಾಗಿ ಹರಿಕೇನ್ ಮತ್ತು ವೆಂಜೆನ್ಸ್. ಈ ಫೋಟೋದಲ್ಲಿ ಪ್ರೊಪೆಲರ್‌ನ ಶಂಕು ಬಿಳಿ, ರೆಕ್ಕೆಗೆ ಅಡ್ಡಲಾಗಿ ಬಿಳಿ ಪಟ್ಟೆ. ಆಗ್ನೇಯ ಏಷ್ಯಾ ಕಮಾಂಡ್‌ನ (ಭಾರತ, ಬರ್ಮಾ ಕಡೆಯ ಮಿತ್ರಪಕ್ಷಗಳ ಸೇನಾ ಕಮಾಂಡ್) ಫೈಟರ್‌ಗಳಿಗೆ, ನಮ್ಮವರೇ ಜಪಾನಿ ವಿಮಾನ ಎಂದು ಭಾವಿಸಿ ಹೊಡೆಯದಿರಲಿ ಎಂದು ಯುದ್ಧದ ಕೊನೆಯ ಘಟ್ಟದಲ್ಲಿ ಬಳಿದ ಪಟ್ಟೆಗಳು ಇವು. ಆದ್ದರಿಂದ ಪೆನ್ಸಿಲ್‌ನ 1943 ನಿಲ್ಲುವುದಿಲ್ಲ. ಅದನ್ನು ಎಷ್ಟೋ ವರ್ಷಗಳ ನಂತರ ನೆನಪಿನಿಂದ ಬರೆದಿರಬೇಕು. ನಡುವೆ ನಿಂತಿರುವವರು ವಾಯುಪಡೆಯ ಫಿಟ್ಟರ್ ಆಗಿದ್ದರು ಎಂದು ಮಾತ್ರ ಅವರ ಮೊಮ್ಮಗಳಿಗೆ ಗೊತ್ತಿತ್ತು. ಈಗ ಯಾವ ವರ್ಷಗಳ ದಾಖಲೆಗಳಲ್ಲಿ ಅಜ್ಜನನ್ನು ಹುಡುಕಬೇಕು ಎಂಬುದೂ ಗೊತ್ತಾಗಿದೆ.

ಬಿಳಿ ಪಟ್ಟೆಯ ಮಾತು ಬಂದಿದ್ದರಿಂದ ಬಣ್ಣದ ಬಗ್ಗೆ ಒಂದು ಎಚ್ಚರಿಕೆ. ಕಪ್ಪುಬಿಳುಪು ಫೋಟೋದಲ್ಲಿ ಕಂಡ ಬೂದುಬಣ್ಣವನ್ನು ನೋಡಿ ಅಸಲಿ ಬಣ್ಣ ಹೇಳಲು ಹೋಗಬೇಡಿ. ಆಗಿನ ಎಷ್ಟೋ ಫಿಲ್ಮ್‌ಗಳು ಆರ್ಥೋಕ್ರೊಮ್ಯಾಟಿಕ್ ಜಾತಿಯವು, ಅವುಗಳಿಗೆ ಕೆಂಪು ಕಾಣುತ್ತಿರಲಿಲ್ಲ. ಸಾಮಾನ್ಯ ಜನ ಬಳಸುತ್ತಿದ್ದ ಕೊಡಕ್ ವೆರಿಕ್ರೋಮ್ ಅಂಥದ್ದೇ. ಅದರಲ್ಲಿ ಕೆಂಪು ಕಪ್ಪಾಗುತ್ತದೆ, ನೀಲಿ ತಿಳಿಯಾಗುತ್ತದೆ, ಹಳದಿಯೂ ಗಾಢವಾಗಿಬಿಡುತ್ತದೆ. ಬ್ರಿಟಿಷ್ ಲಾಂಛನದ ಹೊರಗಿನ ಹಳದಿ ಬಳೆ ಕಪ್ಪಗೆ ಕಂಡು, ಬಳೆಯೇ ಇಲ್ಲವೆಂದು ಜನ ವಾದಿಸಿದ್ದುಂಟು. ನಮ್ಮ ಕಡೆಯ ಫೋಟೋಗಳಲ್ಲಿ ಇದು ಇನ್ನೂ ಮುಖ್ಯ. ಜಪಾನಿನ ಕೆಂಪು ಸೂರ್ಯನೊಂದಿಗೆ ಗೊಂದಲವಾಗದಿರಲಿ ಎಂದು ಇಲ್ಲಿನ ವಿಮಾನಗಳ ಲಾಂಛನದಿಂದ ಕೆಂಪು ಬೊಟ್ಟನ್ನೇ ತೆಗೆದಿದ್ದರು. ಕಡುನೀಲಿಯ ನಡುವೆ ತಿಳಿನೀಲಿ ಅಥವಾ ಬಿಳಿ ಬೊಟ್ಟು ಉಳಿಯಿತು. ನಡುವಿನ ಬೊಟ್ಟು ಸುತ್ತಲಿನ ಬಳೆಗಿಂತ ತಿಳಿಯಾಗಿದ್ದರೆ ಫೋಟೋ ಈ ಭಾಗದ್ದು ಎಂದು ಅನುಮಾನಿಸಲು ಒಳ್ಳೆಯ ಕಾರಣವಿದೆ.

ಆಯುಧಗಳ ಬಗ್ಗೆ ಒಂದೇ ಮಾತು ಹೇಳುತ್ತೇನೆ, ಏಕೆಂದರೆ ಇಲ್ಲಿ ಸುಲಭವಾಗಿ ಕಾಣುವ ಗುರುತು ಒಂದೇ. ರೆಕ್ಕೆಯ ಮುಂದಂಚಿನಲ್ಲಿ ತೋಪಿಗೆ ಎರಡು ಜಾಗಗಳಿರುತ್ತವೆ. ಒಳಗಿನ ಜಾಗದಲ್ಲಿ ಉದ್ದನೆಯ 20 ಮಿಲಿಮೀಟರ್ ತೋಪು, ಹೊರಗಿನದರಲ್ಲಿ ಮೊಂಡು ಮುಚ್ಚಳ ಇದ್ದರೆ ಅದು ‘ಸಿ’ ರೆಕ್ಕೆ. ತೋಪು ಹೊರಗಿನ ಜಾಗಕ್ಕೆ ಹೋಗಿ ಒಳಗಡೆ ಅರ್ಧ ಇಂಚಿನ ಗಿಡ್ಡ ಮೆಷಿನ್ ಗನ್ ಬಂದಿದ್ದರೆ ‘ಇ’ ರೆಕ್ಕೆ, ಯುದ್ಧದ ಕೊನೆಯ ವರ್ಷಗಳದ್ದು. ನಮ್ಮ ಹಲಸೂರಿನ ಫೋಟೋದಲ್ಲಿ ನಡುವಿನವರ ಕೈ ಇರುವುದು ಒಳಗಿನ ತೋಪಿನ ಮೇಲೆ.

ಕೊನೆಯದಾಗಿ, ಫೋಟೋ ಹೇಳದ ವಿಷಯ. ಅಮೆರಿಕದ ಪ್ಯಾಕಾರ್ಡ್ ಕಂಪನಿ ತಯಾರಿಸಿದ ಮೆರ್ಲಿನ್ ಹಾಕಿದ ಮಾರ್ಕ್ 9 ಅನ್ನು ಮಾರ್ಕ್ 16 ಎಂದು ಕರೆದರು. ಎಂಜಿನ್ ಅದೇ ವಿನ್ಯಾಸದ್ದು, ಕಾರ್ಖಾನೆ ಮಾತ್ರ ಬೇರೆ. ಕೊನೆಯ ಮಾರ್ಕ್ 9ರ ಪಕ್ಕ ಅದನ್ನು ನಿಲ್ಲಿಸಿದರೆ ಹೊರಗಿನಿಂದ ವ್ಯತ್ಯಾಸ ಹಿಡಿಯಲು ಆಗುವುದಿಲ್ಲ. ಯುದ್ಧಾನಂತರ ನಮ್ಮ ವಾಯುಪಡೆಯಲ್ಲಿದ್ದ ಮಾರ್ಕ್ 14 ಮತ್ತು 18ರದ್ದೂ ಹೆಚ್ಚುಕಡಿಮೆ ಇದೇ ಪಾಡು. 18ರ ರೆಕ್ಕೆ ಹೆಚ್ಚು ಗಟ್ಟಿ, ಇಂಧನ ಹೆಚ್ಚು, ಆದರೆ ಆ ಗಟ್ಟಿತನ ಲೋಹದ ಒಳಗಿದೆ. ಇಂಥ ಕಡೆ ‘ಮಾರ್ಕ್ 9 ಅಥವಾ 16’, ‘ಮಾರ್ಕ್ 14 ಅಥವಾ 18’ ಎಂದು ಬರೆದು ಬಿಡಿ. ಒಂದನ್ನು ಊಹಿಸಿ ಬರೆದರೆ ಮುಂದಿನವರು ಅದನ್ನೇ ನಕಲು ಮಾಡುತ್ತಾರೆ, ಹತ್ತು ಕಡೆ ಬಂದ ಮೇಲೆ ಊಹೆ ಇತಿಹಾಸವಾಗಿ ಕೂರುತ್ತದೆ.

ಇಂಥ ಗಂಟನ್ನು ಬಿಡಿಸುವುದು ವಿಮಾನದ ಸಂಖ್ಯೆ ಮಾತ್ರ. ಬ್ರಿಟಿಷ್ ಪದ್ಧತಿಯಲ್ಲಿ ಸಾಮಾನ್ಯವಾಗಿ ಎರಡು ಇಂಗ್ಲಿಷ್ ಅಕ್ಷರ, ಮೂರು ಅಂಕಿ (ಮೊದಲಿನ ವಿಮಾನಗಳಲ್ಲಿ ಒಂದು ಅಕ್ಷರ, ನಾಲ್ಕು ಅಂಕಿ), ಬಾಲಕ್ಕೆ ಸ್ವಲ್ಪ ಮುಂದೆ ದೇಹದ ಮೇಲೆ ಸಣ್ಣದಾಗಿ ಬರೆದಿರುತ್ತಿತ್ತು. ಅದು ಸಿಕ್ಕರೆ ವಿಮಾನ ಯಾವ ಮಾರ್ಕ್, ಯಾವ ದಳದಲ್ಲಿತ್ತು, ಏನಾಯಿತು ಎಂದು ಉಳಿದ ದಾಖಲೆಗಳಲ್ಲಿ ಹುಡುಕಬಹುದು. ಒಂದು ಅಕ್ಷರ, ಎರಡು ಅಂಕಿ ಸಿಕ್ಕರೂ ಸಾಧ್ಯತೆಗಳು ಕಡಿಮೆಯಾಗುತ್ತವೆ. ಅದಕ್ಕಾಗಿ ನಿಮ್ಮಲ್ಲಿ ಒಂದು ಕೋರಿಕೆ. ಮನೆಯ ಆಲ್ಬಂನ ಫೋಟೋವನ್ನು ಮೊಬೈಲ್‌ನಲ್ಲಿ ತೆಗೆಯುವಾಗ ಮುಖಗಳಿಗಷ್ಟೇ ಚೌಕಟ್ಟು ಕಟ್ಟಬೇಡಿ, ನಾಲ್ಕು ಅಂಚುಗಳೂ ಬರಲಿ. ಸಾಧ್ಯವಿದ್ದರೆ ಸ್ಕ್ಯಾನರ್‌ನಲ್ಲಿ 1200 ಡಿಪಿಐಗೆ ಇಟ್ಟು ತೆಗೆಯಿರಿ, ಆಗ ಮೂಲೆಯಲ್ಲಿರುವ ಬಾಲದ ಚಕ್ರವನ್ನೂ ದೊಡ್ಡದು ಮಾಡಿ ನೋಡಬಹುದು. ಹಿಂಬದಿಯನ್ನು ಬೇರೆಯಾಗಿ ತೆಗೆಯಿರಿ. ಸ್ಟುಡಿಯೋದ ಮುದ್ರೆ, ಪೆನ್ಸಿಲ್ ಬರಹ, ಗೋಂದಿನ ಕಲೆ ಯಾವುದನ್ನೂ ಒರೆಸಬೇಡಿ. ಹೊಸದಾಗಿ ಏನಾದರೂ ಬರೆಯಬೇಕೆನಿಸಿದರೆ ಬೇರೆ ಕಾಗದದಲ್ಲಿ ಬರೆದು, ಬರೆದವರ ಹೆಸರು ಮತ್ತು ತಾರೀಖು ಹಾಕಿ ಜೊತೆಗಿಡಿ.